ಮೊದಲ ರ್‍ಯಾಪ್ ಆಲ್ಬಂ: ಗಿಟಾರು ಸೇರಿಸಿದರೆ ಮಾತೇ ಮುಳುಗುತ್ತದೆ, ಎಂತ ಮಾಡುವುದು?

ಕುಂಬಳೆಯ ಹುಡುಗ

ಎಲ್ಲರಿಗೂ ನಮಸ್ಕಾರ. ನಾವು ಮೂವರು, ಕುಂಬಳೆ, ಸೀತಾಂಗೋಳಿ ಕಡೆಯವರು. ಒಂದೂವರೆ ವರ್ಷದಿಂದ ಕನ್ನಡದಲ್ಲಿ ರ್‍ಯಾಪ್ ಬರೆಯುತ್ತಿದ್ದೇವೆ. ಏಳು ಹಾಡು ಆಯಿತು. ಇದನ್ನೇ ನಮ್ಮ ಮೊದಲ ಆಲ್ಬಂ ಮಾಡಿ ಬಿಡುವುದು ಅಂತ ಉಂಟು. ಬರೆಯುವುದು, ಹೇಳುವುದು ನಾನು ಮತ್ತು ಚಿಕ್ಕಪ್ಪನ ಮಗ. ಗಿಟಾರು ನಮ್ಮ ದೋಸ್ತಿಯದ್ದು. ಅವನಿಗೆ ರಾಕ್ ಅಂದರೆ ಪ್ರಾಣ, ಏಳು ಹಾಡಿನಲ್ಲೂ ಡಿಸ್ಟಾರ್ಷನ್ (ಸ್ವರವನ್ನು ಒಡೆದು ಗರಗರ ಮಾಡುವುದು) ಹಾಕಿ ಬಾರಿಸಿದ್ದಾನೆ. ರೆಕಾರ್ಡಿಂಗ್ ಮಾಡುವುದು ನಮ್ಮ ಮನೆಯ ಅಟ್ಟದಲ್ಲಿ, ಸುತ್ತ ಅಡಿಕೆಯ ಗೋಣಿ ಒಟ್ಟಿದ ಜಾಗದಲ್ಲಿ. ಗೋಣಿ ಇದ್ದ ಕಾರಣ ಪ್ರತಿಧ್ವನಿ ಇಲ್ಲ.

ಕಳೆದ ತಿಂಗಳು ಊರಿನ ಒಂದು ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ಎರಡು ಹಾಡು ಹೇಳಿದೆವು. ಇಳಿದು ಬಂದ ಮೇಲೆ ನನ್ನ ಸೋದರಮಾವ ಬೆನ್ನು ತಟ್ಟಿ, "ಒಳ್ಳೇದಾಯಿತು ಮಗ, ಆದರೆ ಅದು ಯಾವ ಭಾಷೆ?" ಅಂತ ಕೇಳಿದರು. ಆ ಹಾಡು ಇದ್ದದ್ದೇ ಕನ್ನಡ ಶಾಲೆಯ ಬಗ್ಗೆ. ನಾನು ಓದಿದ ಶಾಲೆಯಲ್ಲಿ ಕನ್ನಡ ಡಿವಿಜನ್ನಿಗೆ ಮಕ್ಕಳು ಕಡಿಮೆಯಾಗುತ್ತಾ ಹೋದದ್ದನ್ನು ಅದರಲ್ಲಿ ಬರೆದಿದ್ದೇನೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಗಿಟಾರು ಕಡಿಮೆ ಮಾಡಿದರೆ ಅವನಿಗೆ ಬೇಜಾರು, ಹಾಡಿಗೂ ಜೀವ ಇಲ್ಲ. ಅಮೆರಿಕದ ರ್‍ಯಾಪ್ ತಂಡ ರನ್ ಡಿಎಂಸಿಯವರು ರಾಕ್ ಬ್ಯಾಂಡು ಏರೋಸ್ಮಿತ್ ಜೊತೆ ಮೊದಲ ಸಲ ರಾಕ್ ಗಿಟಾರು ಸೇರಿಸಿದಾಗ ಹೇಗೆ ಸುಧಾರಿಸಿದರು? ಗೊತ್ತಿದ್ದವರು ಹೇಳಿ.

ಉಪ್ಪಳದಿಂದ

ನಾನು ಗಿಟಾರು ಬಾರಿಸುವವಳು, ಹಾಗಾಗಿ ನಿಮ್ಮ ದೋಸ್ತಿಯ ಪರ. ಗಿಟಾರು ತೆಗೆಯಬೇಡಿ. ರ್‍ಯಾಪ್, ರಾಕ್ ಎರಡನ್ನೂ ಸೇರಿಸುವ ಬ್ಯಾಂಡು ರೇಜ್ ಅಗೆನ್‌ಸ್ಟ್ ದ ಮೆಷಿನ್‌ನ ಮೊದಲ ಆಲ್ಬಂ, 1992ರದ್ದು, ಕೇಳಿ. ಹಾಡು ಹಾಡಿಗೂ ಗಿಟಾರು, ಆದರೂ ಮಾತು ಎಲ್ಲ ಕೇಳುತ್ತದೆ. ಸ್ಯಾಂಪಲ್ (ಬೇರೆ ರೆಕಾರ್ಡಿನಿಂದ ತೆಗೆದ ತುಣುಕು), ಕೀಬೋರ್ಡ್, ಸಿಂಥಸೈಜರ್ ಏನೂ ಬಳಸಿಲ್ಲ ಅಂತ ಆಲ್ಬಂ ಮೇಲೆಯೇ ಬರೆದುಕೊಂಡವರು ಅವರು. ಮಾತು ನಡೆಯುವಾಗ ಅವರ ಗಿಟಾರಿನವರು ಟಾಮ್ ಮೊರೆಲ್ಲೊ ಎಷ್ಟೋ ಕಡೆ ಕೈ ಹಿಡಿದುಕೊಳ್ಳುತ್ತಾರೆ, ಭಾರ ಹೊರುವುದು ಬೇಸ್ ಗಿಟಾರು ಮತ್ತು ಡ್ರಮ್ಮು. ನಿಮಗೆ ಬೇಸ್ ಬಾರಿಸುವವರು ಇದ್ದಾರಾ?

ಮೈಕಿನವ, ಬದಿಯಡ್ಕ

ತಮ್ಮಾ, ನಾನು ಇಪ್ಪತ್ತೆರಡು ವರ್ಷದಿಂದ ಮೈಕ್ ಕಟ್ಟುವವ. ಯಕ್ಷಗಾನ ಆಟ, ಭೂತದ ನೇಮ, ಮದುವೆ, ಶಾಲಾ ವಾರ್ಷಿಕೋತ್ಸವ ಎಲ್ಲದಕ್ಕೂ ಹೋಗಿದ್ದೇನೆ. ನಿನ್ನ ಮಾವ ಹೇಳಿದ ಮಾತು ನನಗೂ ತಾಗಿತು, ಯಾಕೆಂದರೆ ಅದರಲ್ಲಿ ಅರ್ಧ ತಪ್ಪು ನಮ್ಮಂಥವರದ್ದು.

ಮೊದಲು ಒಂದು ವಿಷಯ. ರನ್ ಡಿಎಂಸಿಯವರು ಏರೋಸ್ಮಿತ್ ಜೊತೆ ಮಾಡಿದ್ದು 1986ರಲ್ಲಿ, ತಮ್ಮ ಮೂರನೇ ಆಲ್ಬಮ್ಮಿನಲ್ಲಿ. ಗಿಟಾರು ಅದಕ್ಕಿಂತ ಎರಡು ವರ್ಷ ಮೊದಲು, ಅವರ ಮೊದಲ ಆಲ್ಬಮ್ಮಿನಲ್ಲೇ ಬಂದಿದೆ. ಅದು ಹೊರಬಂದದ್ದು 1984ರ ಮಾರ್ಚ್ 27ಕ್ಕೆ. ಅದೇ ವರ್ಷ ಮೇ 24ಕ್ಕೆ ನಮ್ಮ ಕಾಸರಗೋಡು ಜಿಲ್ಲೆಯಾದದ್ದು, ಹಾಗಾಗಿ ನನಗೆ ಇಸವಿ ಮರೆಯುವುದಿಲ್ಲ. ಅಮೆರಿಕದಲ್ಲಿ ಗೋಲ್ಡ್ (ಹೆಚ್ಚು ಮಾರಾಟಕ್ಕೆ ಕೊಡುವ ಮನ್ನಣೆ) ಆದ ಮೊದಲ ರ್‍ಯಾಪ್ ಆಲ್ಬಂ ಅದೇ.

ಅದರಲ್ಲಿ ಒಂಬತ್ತು ಹಾಡು ಉಂಟು. ಗಿಟಾರು ಮೆರೆಯುವುದು "ರಾಕ್ ಬಾಕ್ಸ್" ಎಂಬ ಒಂದು ಹಾಡಿನಲ್ಲಿ, ಬಾರಿಸಿದ್ದು ಎಡ್ಡಿ ಮಾರ್ಟಿನೆಜ್. ಉಳಿದ ಹೆಚ್ಚಿನದ್ದೆಲ್ಲ ಡ್ರಮ್ ಮೆಷಿನ್, ಎರಡು ಗಂಟಲು. "ಸಕರ್ ಎಂಸೀಸ್" ಕೇಳು, ಬೇಸ್ ಕೂಡ ಇಲ್ಲ. ಬರೀ ತಾಳ, ಅದರ ಮೇಲೆ ಮಾತು. ಆ ಬೋಳು ಹಾಡುಗಳ ನಡುವೆ ಬಂದ ಕಾರಣವೇ ಆ ಒಂದು ಗಿಟಾರಿಗೆ ಅಷ್ಟು ಬೆಲೆ. ಏಳರಲ್ಲಿ ಏಳಕ್ಕೂ ಹಾಕಿದರೆ ಕಿವಿಗೆ ಅದು ಗಾಳಿಯ ಹಾಗೆ, ಇದ್ದದ್ದೇ ಗೊತ್ತಾಗುವುದಿಲ್ಲ. ಉಪ್ಪಳದ ತಂಗಿ ಹೇಳಿದ್ದೂ ಸರಿಯೇ, ಆದರೆ ಅವರದ್ದು ಪೂರ್ತಿ ಬ್ಯಾಂಡು, ನಿಮ್ಮಲ್ಲಿ ಇರುವುದು ಮೂವರು.

ಇನ್ನು ಆಟದ ಉದಾಹರಣೆ ಕೊಡುತ್ತೇನೆ. ಭಾಗವತರು ಪದ ಹೇಳುವಾಗ ಮದ್ದಳೆ ಜೊತೆಗೇ ನಡೆಯುತ್ತದೆ. ಶೃಂಗಾರ, ಕರುಣದ ಪದಕ್ಕಾದರೆ ಚೆಂಡೆ ಸುಮ್ಮನೆ ಕಾಯುತ್ತದೆ. ವೀರರಸಕ್ಕೆ ಜೊತೆಗೆ ಬಂದರೂ ಒಳ್ಳೆಯ ಚೆಂಡೆಯವರ ಕಣ್ಣು ಭಾಗವತರ ಬಾಯಿಯ ಮೇಲೆ. ಸಾಲು ಮುಗಿದು ಉಸಿರು ತೆಗೆಯುವ ಸಂದಿಯಲ್ಲಿ ಉರುಳಿಕೆ ಬಿದ್ದಾಗ ಸಭೆ ನೆಟ್ಟಗೆ ಕೂರುತ್ತದೆ. ಬೆಳಗಿನ ಜಾವ ನಾಲ್ಕು ಗಂಟೆಗೆ ನಿದ್ದೆ ತೂಗುವವರೂ ಏಳುವುದನ್ನು ಮಿಕ್ಸರ್ ಹತ್ತಿರ ಕೂತು ಎಷ್ಟು ಸಲ ನೋಡಿದ್ದೇನೆ ಅಂತ ಲೆಕ್ಕವಿಲ್ಲ. ನಿನ್ನ ದೋಸ್ತಿಯನ್ನು ಒಂದು ರಾತ್ರಿ ಆಟಕ್ಕೆ ಕರೆದುಕೊಂಡು ಹೋಗು, ಚೆಂಡೆಯವರ ಹತ್ತಿರವೇ ಕೂರಿಸು.

ಈಗ ರೆಕಾರ್ಡಿಂಗ್ ವಿಷಯ. ಕ, ಚ, ಟ, ತ, ಸ, ಇವು ಬಿಡಿಸಿ ಕೇಳುವುದು ಹೆಚ್ಚಾಗಿ 2 ಕಿಲೋಹರ್ಟ್ಸಿನಿಂದ (ಧ್ವನಿಯ ಕಂಪನದ ಅಳತೆ) ಮೇಲೆ. ಡಿಸ್ಟಾರ್ಷನ್ ಹಾಕಿದ ಗಿಟಾರು ಬಂದು ಕೂರುವುದೂ 2ರಿಂದ 4ರ ನಡುವಿನ ಅದೇ ಜಾಗದಲ್ಲಿ. ಅದಕ್ಕೇ ಮಾವನಿಗೆ ಸ್ವರ ಕೇಳಿತು, ವ್ಯಂಜನ ಕೇಳಲಿಲ್ಲ. ಮಾತು ಇರುವ ಕಡೆ ಗಿಟಾರಿನಲ್ಲಿ 3 ಕಿಲೋಹರ್ಟ್ಸ್ ಆಸುಪಾಸು ಒಂದು 3 ಡೆಸಿಬೆಲ್ ಇಳಿಸು. 100 ಹರ್ಟ್ಸಿನಿಂದ ಕೆಳಗಿನದ್ದನ್ನು ಕತ್ತರಿಸು, ಅದು ಡ್ರಮ್ಮಿನ ಜಾಗ. ಗಿಟಾರನ್ನು ಎರಡು ಸಲ ಬೇರೆ ಬೇರೆ ಬಾರಿಸಿ ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕು. ಒಂದನ್ನೇ ಕಾಪಿ ಮಾಡಿದರೆ ಆಗುವುದಿಲ್ಲ, ಅದು ಪುನಃ ನಡುವಿಗೇ ಬರುತ್ತದೆ. ನಡು ನಿನ್ನ ಮಾತಿಗೆ ಖಾಲಿ ಇರಲಿ. ಗೇನ್, ಅಂದರೆ ಡಿಸ್ಟಾರ್ಷನ್ ಹೆಚ್ಚಿಸುವ ತಿರುಗುಣಿ, ಈಗ ಇರುವುದರ ಅರ್ಧ ಸಾಕು. ಹೆಚ್ಚು ಗೇನಿನಲ್ಲಿ ತಂತಿಯ ಏಟು ಸತ್ತು ಬರೀ ಗುಯ್ಯಿ ಉಳಿಯುತ್ತದೆ.

ಸ್ಟೇಜಿನಲ್ಲಿ ಇನ್ನೂ ಎರಡು ನೋಡಿಕೊಳ್ಳಬೇಕು. ಗಿಟಾರಿನ ಆಂಪು ನಿನ್ನ ಬೆನ್ನ ಹಿಂದೆ ಇದ್ದರೆ ಅದರ ಬಾಯಿ ನೇರ ನಿನ್ನ ಮೈಕಿಗೆ. ಬದಿಗೆ ತಿರುಗಿಸಿ ಇಡಿಸು. ಮತ್ತೆ, ವಿಡಿಯೋದಲ್ಲಿ ನೋಡಿ ಕಲಿತ ಹಾಗೆ ಮೈಕಿನ ಮಂಡೆಯನ್ನು ಮುಷ್ಟಿಯಲ್ಲಿ ಹಿಡಿಯಬೇಡ. ಹಾಗೆ ಹಿಡಿದರೆ ಮಾತು ಮಡಕೆಯ ಒಳಗಿನಿಂದ ಬಂದ ಹಾಗೆ, ಸ್ಪೀಕರು ಕೂಡಲೇ ಕೂಗಲಿಕ್ಕೂ ಶುರು. ಕೆಳಗೆ, ಹಿಡಿಯಲ್ಲೇ ಹಿಡಿ.

ಮಂಜೇಶ್ವರದ ಟೀಚರ್

ಸೌಂಡಿನ ವಿಷಯ ಅಣ್ಣ ಹೇಳಿದ್ದಾರೆ. ನನ್ನದು ಸಾಹಿತ್ಯದ ಬಗ್ಗೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವ ಕಾರಣ ಅಂತ್ಯಪ್ರಾಸ ಬಹಳ ಸುಲಭವಾಗಿ ಸಿಗುತ್ತದೆ. ಬರುತ್ತೇನೆ, ಹೋಗುತ್ತೇನೆ, ನೋಡುತ್ತೇನೆ, ಹತ್ತು ಸಾಲು ಹೀಗೇ ಹೋಗಬಹುದು. ಕೇಳುವವರ ಕಿವಿ ಮೂರನೇ ಸಾಲಿಗೇ ಸೋಲುತ್ತದೆ. ಹಳಬರ ಪ್ರಾಸ ಇದ್ದದ್ದು ಸಾಲಿನ ಆರಂಭದಲ್ಲಿ, ಎರಡನೇ ಅಕ್ಷರದಲ್ಲಿ. ನಮ್ಮ ಗೋವಿಂದ ಪೈಗಳು 1911ರಲ್ಲಿ ಅದನ್ನು ಬಿಟ್ಟದ್ದು, ಅದು ಕಟ್ಟುಪಾಡಾಗಿ ಕಾಲಿಗೆ ತೊಡರುತ್ತಿದ್ದ ಕಾರಣ. ನಿಮಗೆ ಕಟ್ಟುಪಾಡಿಲ್ಲವಲ್ಲ, ಬೇಕಾದಲ್ಲಿ ತೆಗೆದುಕೊಳ್ಳಿ. ಸಾಲಿನ ಮೊದಲ ಪದದಲ್ಲಿ ಪ್ರಾಸ ಕೂರಿಸಿ, ಗಿಟಾರಿನ ಏಟು ಅದರ ಮೇಲೆ ಬೀಳಲಿ. ಆಮೇಲೆ ಸಾಲು ಮುಗಿಯುವವರೆಗೆ ಗಿಟಾರು ಬೇಡ. ಮಾತು ಮುಳುಗುವುದಿಲ್ಲ, ಗಿಟಾರಿಗೂ ಕೆಲಸ ಇರುತ್ತದೆ.

ಕುಂಬಳೆಯ ಹುಡುಗ

ಅಣ್ಣ, ಟೀಚರ್, ಅಕ್ಕ, ಮೂವರಿಗೂ ನಮಸ್ಕಾರ. ಹತ್ತು ದಿನ ಇದರಲ್ಲೇ ಇದ್ದೆವು. ಅಕ್ಕ, ಬೇಸ್‌ನವರು ಇಲ್ಲ. ಶಾಲೆಯ ಹಾಡನ್ನು ಪೂರ್ತಿ ಬಿಚ್ಚಿ ಹೊಸತಾಗಿ ಬರೆದೆ. ಆರಂಭ ಈಗ ಹೀಗುಂಟು:

ಮಡಲು ಬಿದ್ದ ಮಾಡಿನಡಿ ಮೂರೇ ಬೆಂಚು ತರಗತಿ
ಕಡಲ ಗಾಳಿ ಪುಟ ತಿರುವಿ ಓದಿ ಹೋಯ್ತು ವರದಿ
ಗಡಿಯ ಗೆರೆ ಎಳೆವಾಗ ಅಜ್ಜ ಇದ್ದ ಗದ್ದೆಯಲಿ
ನುಡಿಯ ಗಂಟು ಹೊತ್ತು ಬಂದ ಕತ್ತಲಾದ ಹೊತ್ತಲಿ

ಮಡಲು, ಕಡಲು, ಗಡಿ, ನುಡಿ, ನಾಲ್ಕು ಕಡೆಯೂ "ಡ" ಬರುವಾಗ ಒಂದು ಏಟು, ಕೂಡಲೇ ಅಂಗೈ ಇಟ್ಟು ತಂತಿ ನಿಲ್ಲಿಸುತ್ತಾನೆ. ಆ ಮೌನದಲ್ಲಿ ನನ್ನ ಉಸಿರು ಕೂಡ ರೆಕಾರ್ಡ್ ಆಗಿದೆ. ತೆಗೆಯಲಿಲ್ಲ.

ದೋಸ್ತಿಗೆ ಮೊದಲು ಬೇಜಾರೇ ಆಯಿತು, ಎರಡು ದಿನ ಫೋನ್ ತೆಗೆಯಲಿಲ್ಲ. ಮೂರನೇ ದಿನ "ರಾಕ್ ಬಾಕ್ಸ್" ಕೇಳಿ ತಾನೇ ಅಟ್ಟಕ್ಕೆ ಬಂದ. ಈಗ ಏಳರಲ್ಲಿ ಎರಡರಲ್ಲಿ ಮಾತ್ರ ಗಿಟಾರು. ಕೊನೆಯ ಹಾಡಿನಲ್ಲಿ ಅವನಿಗೆ ಹದಿನಾರು ಬಾರ್ (ತಾಳದ ಸುತ್ತು) ಪೂರ್ತಿ ಬಿಟ್ಟಿದ್ದೇವೆ, ಅಲ್ಲಿ ನಾವಿಬ್ಬರೂ ಬಾಯಿ ತೆರೆಯುವುದಿಲ್ಲ.

ಒಂದು ಸಂಶಯ ಉಳಿದಿದೆ. ಕಾರಿನ ಸ್ಪೀಕರಿನಲ್ಲಿ ಚೆಂದ ಕೇಳುತ್ತದೆ, ಫೋನಿನಲ್ಲಿ ಗಿಟಾರು ಪುನಃ ಮುಂದೆ ಬರುತ್ತದೆ. ಮಾವ ಕೇಳುವುದು ಫೋನಿನಲ್ಲೇ.

ಮೈಕಿನವ, ಬದಿಯಡ್ಕ

ಸಣ್ಣ ಸ್ಪೀಕರಿನಲ್ಲಿ ಕೆಳಗಿನ ಸ್ವರ ಬರುವುದಿಲ್ಲ, ನಡುವಿನದ್ದು ಎದ್ದು ಕಾಣುತ್ತದೆ. ಹಾಗಾಗಿ ಮಿಕ್ಸನ್ನು ಫೋನಿನಲ್ಲೇ ಕೇಳಿ ಸರಿ ಮಾಡು, ಆಮೇಲೆ ಕಾರಿನಲ್ಲಿ ನೋಡು. ಆಗದಿದ್ದರೆ ಗಿಟಾರು, ಮಾತು, ಡ್ರಮ್ಮು ಬೇರೆ ಬೇರೆ ಫೈಲು ಮಾಡಿ ಪೆನ್‌ಡ್ರೈವಿನಲ್ಲಿ ತಾ. ಭಾನುವಾರ ಹಗಲು ಮನೆಯಲ್ಲೇ ಇರುತ್ತೇನೆ, ರಾತ್ರಿ ಪೆರ್ಲದಲ್ಲಿ ಆಟ ಉಂಟು. ದೋಸ್ತಿಯನ್ನೂ ಕರೆದುಕೊಂಡು ಬಾ.