‘ಸೈನಿಕರು ಮಡಿದರು’ ಅಂದ್ರೆ ಸ್ನಾನ ಮಾಡಿದ್ರಾ ಅಂತ ಕೇಳ್ತಾಳೆ ಮಗಳು, ಹೇಗೆ ಹೇಳಿಕೊಡಲಿ?

ಕುಕ್ಕರಹಳ್ಳಿ_ದಂಡೆ
ಮಗಳು ಐದನೇ ಕ್ಲಾಸು. ನಿನ್ನೆ ಅಡುಗೆಮನೆ ಹೊಸ್ತಿಲಲ್ಲಿ ಕೂತು ಪಾಠ ಜೋರಾಗಿ ಓದುತ್ತಿದ್ದಳು. ‘ಯುದ್ಧದಲ್ಲಿ ಸಾವಿರಾರು ಸೈನಿಕರು ಮಡಿದರು’ ಅಂತ ಬಂತು. ತಲೆ ಎತ್ತಿ, ‘ಅಮ್ಮಾ, ಅಷ್ಟೂ ಜನ ಒಟ್ಟಿಗೆ ಸ್ನಾನ ಮಾಡಿದ್ರಾ?’ ಅಂದಳು. ಅವಳಿಗೆ ಮಡಿ ಅಂದರೆ ಅಜ್ಜಿಯ ಮಡಿ. ಹಬ್ಬದ ದಿನ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ‘ಮುಟ್ಟಬೇಡ ಪುಟ್ಟಿ, ಮಡೀಲಿದೀನಿ’ ಅನ್ನುವುದನ್ನು ಕೇಳಿಯೇ ಬೆಳೆದವಳು. ಸತ್ತರು ಅಂತ ಅರ್ಥ ಹೇಳಿದೆ. ‘ಹಾಗಾದ್ರೆ ಬಟ್ಟೆ ಮಡಿಸು ಅಂತೀಯಲ್ಲ?’ ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಸುಮ್ನೆ ನಾನಾರ್ಥದ ಪಟ್ಟಿ ಬಾಯಿಪಾಠ ಮಾಡಿಸಲು ಮನಸ್ಸಿಲ್ಲ. ಬೇರೆ ದಾರಿ ಇದ್ದರೆ ಹೇಳಿ.

ಸೀಮೆಸುಣ್ಣ
ಮಡಿಸುವುದರಿಂದಲೇ ಶುರು ಮಾಡಿ. ಒಂದು ಹಾಳೆ ಕೊಟ್ಟು ಒಮ್ಮೆ ಮಡಿಸಲು ಹೇಳಿ. ಎರಡು ಪದರ ಆಯಿತಲ್ಲ, ಅದು ಇಮ್ಮಡಿ. ಇನ್ನೊಮ್ಮೆ ಮಡಿಸಿದರೆ ನಾಲ್ಕು ಪದರ, ನಾಲ್ವಡಿ! ನೀವು ಮೈಸೂರಿನವರು ಅಂತ ಕಾಣುತ್ತೆ, ಕೆ.ಆರ್. ಸರ್ಕಲ್ಲಿನ ಪ್ರತಿಮೆ ತೋರಿಸಿ. ಕೃಷ್ಣರಾಜ ಒಡೆಯರ್ ಅನ್ನುವ ಹೆಸರಿನ ಮೂರನೆಯವರು ಮುಮ್ಮಡಿ, ನಾಲ್ಕನೆಯವರು ನಾಲ್ವಡಿ. ನಾಲ್ ಆದಮೇಲೆ ಬಂದ ಮಡಿಯ ಮಕಾರ ವಕಾರ ಆಗಿದೆ, ಅಷ್ಟೇ.

ಸೈನಿಕರ ವಿಷಯಕ್ಕೆ ಬಂದರೆ, ಪಕ್ಕದ ತುಂಡು ನೋಡುವುದನ್ನು ಕಲಿಸಿ. ಅಜ್ಜಿ ‘ಮಡಿಯಾದರು’, ಬಟ್ಟೆಯನ್ನು ‘ಮಡಿಸಿದರು’, ಸೈನಿಕರು ‘ಮಡಿದರು’. ಅಜ್ಜಿಯ ಮಡಿಗೆ ‘ದರು’ ನೇರವಾಗಿ ಅಂಟುವುದೇ ಇಲ್ಲ. ಮಕ್ಕಳಿಗೆ ಇದು ಬೇಗ ಹತ್ತುತ್ತದೆ.

ತೋಟದ_ಮನೆ
ಸಸಿಮಡಿ ಬಿಟ್ಟಿರಲ್ಲ! ಮೆಣಸಿನ ಬೀಜ ಹಾಕುವ ಮೊದಲು ಮಣ್ಣು ಪುಡಿ ಮಾಡಿ, ಗೊಬ್ಬರ ಬೆರೆಸಿ, ನೆಲದಿಂದ ಸ್ವಲ್ಪ ಎತ್ತರಕ್ಕೆ ಏರಿಸುತ್ತೇವೆ, ಅದೂ ಮಡಿ. ನಮ್ಮ ಮನೆಯವಳ ಕಡೆ ತೆಲುಗು ಮಾತು, ಅಲ್ಲೂ ಗದ್ದೆಯ ತುಂಡೂ ಮಡಿ, ಪೂಜೆಗೆ ಉಡುವುದೂ ಮಡಿ.

ಹಳಗನ್ನಡ_ಹುಚ್ಚು
ಎಲ್ಲ ಜೋಡಿಗಳೂ ಹುಟ್ಟಿನಿಂದ ಒಂದೇ ಥರ ಇದ್ದವಲ್ಲ ಅನ್ನುವುದನ್ನೂ ಹೇಳಿ. ಅಮ್ಮ ಮಗುವನ್ನು ಕರೆಯುತ್ತಾಳೆ, ಹಾಲನ್ನೂ ಕರೆಯುತ್ತಾಳೆ, ಬಾಳೆಕಾಯಿ ಹೆಚ್ಚಿದರೆ ಸೆರಗಿಗೆ ಕರೆ ಅಂಟುತ್ತದೆ. ಹಳಗನ್ನಡದಲ್ಲಿ ಕೂಗುವುದಕ್ಕೆ ಮಾತ್ರ ನಮ್ಮ ಈಗಿನ ರ. ಹಾಲಿಗೂ ಕಲೆಗೂ ಱ, ಅಂದರೆ ಕಱೆ. ಬದುಕುವ ಬಾಳು ಬಾೞ್, ಕತ್ತಿಯ ಬಾಳು ಬಾಳ್. ತಮಿಳಿನಲ್ಲಿ ಇವತ್ತಿಗೂ ಇವನ್ನು ಬೇರೆ ಬೇರೆ ಅಕ್ಷರದಲ್ಲೇ ಬರೆಯುತ್ತಾರೆ. ನಾವು ಎರಡು ಅಕ್ಷರ ಬಿಟ್ಟೆವು, ಪದಗಳು ಅವಳಿಜವಳಿ ಆದವು. ನನಗಂತೂ ಆ ಅಕ್ಷರಗಳು ಹೋಗಿದ್ದಕ್ಕೆ ಇವತ್ತಿಗೂ ಬೇಜಾರಿದೆ.

ಕುಕ್ಕರಹಳ್ಳಿ_ದಂಡೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಳೆ ಕೊಟ್ಟೆ, ಎರಡು ಸಲ ಮಡಿಸಿ ‘ಓ, ನಾಲ್ವಡಿ!’ ಅಂತ ಅಜ್ಜಿಗೆ ತೋರಿಸಿ ಬಂದಳು. ಅಜ್ಜಿಗೂ ಈ ಸಂಬಂಧ ಗೊತ್ತಿರಲಿಲ್ವಂತೆ. ಈಗ ಮೂರನೇ ಸಲ ಮಡಿಸಿ, ಎಂಟು ಪದರಕ್ಕೆ ಏನಂತಾರೆ ಅಂತ ಪಕ್ಕದಲ್ಲೇ ನಿಂತಿದ್ದಾಳೆ.

ಸೀಮೆಸುಣ್ಣ
ಎಣ್ಮಡಿ. ಎಂಟು ದಿಕ್ಕಿಗೆ ಎಣ್ದೆಸೆ ಅನ್ನುವುದಿಲ್ವಾ, ಅದೇ ಎಣ್.