ಶೇಲ್ ಕಲ್ಲಿನ ‘ರಂಧ್ರ’ ಮತ್ತು ಅದರ ಕಂಠ

ಅಮೆರಿಕದ ಟೆಕ್ಸಾಸ್‌ನಲ್ಲಿರುವ ಬಾರ್ನೆಟ್ ಶೇಲ್ (ಕೆಸರು ಗಟ್ಟಿಯಾಗಿ ಆದ, ಒಳಗೆ ಅನಿಲ ಹುದುಗಿರುವ ಕಲ್ಲಿನ ಪದರ) ಕುರಿತ ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ಪುಟ ಸರಾಗವಾಗಿ ಸಾಗಿತು. ನಾಲ್ಕನೆಯದರಲ್ಲಿ ‘ಪೋರ್’ ಎಂಬ ಪುಟ್ಟ ಪದ ಕಾಲಿಗೆ ತೊಡರಿಕೊಂಡಿತು.

ನಿಘಂಟು ಹೇಳುವುದು ‘ರಂಧ್ರ’ ಎಂದು. ರೋಮರಂಧ್ರಕ್ಕೆ, ನಾಸಿಕರಂಧ್ರಕ್ಕೆ ಅದು ಸರಿಯೇ. ಆದರೆ ರಂಧ್ರವೆಂದೊಡನೆ ನನಗೆ ಹೊಳೆಯುವುದು ತೂತು, ಹೊರಗಿನಿಂದ ಕಾಣುವ ಬಾಯಿ. ‘ಎಲ್ಲರ ಮನೆ ದೋಸೆಯೂ ತೂತೇ’ ಎನ್ನುವಾಗ ಕಣ್ಣಮುಂದೆ ಬರುವುದು ಆಚೆಬದಿಯ ಕಾವಲಿ ಕಾಣಿಸುವ ತೂತು. ಶೇಲ್‌ನೊಳಗೆ ಇರುವುದು ಅಂಥದ್ದಲ್ಲ. ಅದು ಕಲ್ಲಿನೊಳಗೆ ಹುದುಗಿರುವ ಪುಟ್ಟ ಕೋಣೆ. ಅದಕ್ಕೆ ಬಾಗಿಲು ಇದ್ದರೂ ಇದ್ದೀತು, ಇಲ್ಲದೆಯೂ ಇದ್ದೀತು.

ಈ ಕೋಣೆಗಳು ಸರಿಯಾಗಿ ಕಣ್ಣಿಗೆ ಬಿದ್ದದ್ದು ಇತ್ತೀಚೆಗೆ. ಕಲ್ಲನ್ನು ಉಜ್ಜಿ ನಯಗೊಳಿಸಿದರೆ ಮೇಲ್ಮೈ ಕಿತ್ತುಬಂದು, ಇಲ್ಲದ ಕುಳಿಗಳೂ ಕಾಣಿಸಿಕೊಳ್ಳುತ್ತವೆ. ಅದರ ಬದಲು ಆರ್ಗಾನ್ ಅನಿಲದ ಅಯಾನುಗಳಿಂದ (ವಿದ್ಯುದಾವೇಶವಿರುವ ಕಣಗಳಿಂದ) ಸವೆಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ ಬಾರ್ನೆಟ್ ಅಧ್ಯಯನವನ್ನು ಭೂವಿಜ್ಞಾನಿ ರಾಬರ್ಟ್ ಲೌಕ್ಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದರು. ಕೆರೊಜೆನ್ ಎಂಬ ಕಪ್ಪು ಜೈವಿಕ ಚೂರುಗಳ ಒಳಗೇ ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಅಳತೆಯ ಕುಳಿಗಳು ಕಂಡವು. ಕಾವಿಗೆ ಸಿಕ್ಕಿ ಕೆರೊಜೆನ್ ಎಣ್ಣೆ, ಅನಿಲಗಳಾಗಿ ಒಡೆಯುವಾಗ ಉಳಿದ ಪೊಳ್ಳುಗಳವು. ನೋಡಲು ಸ್ಪಂಜಿನಂತೆ.

ಲೌಕ್ಸ್ ಮತ್ತು ಸಂಗಡಿಗರು 2012ರಲ್ಲಿ ಮಾಡಿದ ಪೊಳ್ಳುಗಳ ವಿಂಗಡಣೆಯಲ್ಲಿ ಮೂರು ಬಗೆಗಳಿವೆ. ಕಣ ಕಣಗಳ ನಡುವಿನದಕ್ಕೆ ‘ಕಣಸಂದು’ ಎಂದಿದ್ದೇನೆ. ಸಂದುಗೊಂದು ಗೊತ್ತಿರುವವರಿಗೆ ವಿವರಣೆಯೇ ಬೇಡ. ಕಣದ ಒಳಗಿನದು ‘ಕಣಪೊಳ್ಳು’. ಮೂರನೆಯದು ಜೈವಿಕ ಚೂರುಗಳ ಒಳಗಿನದು; ಅದಕ್ಕೆ ‘ಸಾವಯವ ರಂಧ್ರ’ ಎಂದು ಬರೆದು ಹೊಡೆದುಹಾಕಿದೆ. ‘ಸಾವಯವ’ ಎಂದರೆ ಈಗ ಅಂಗಡಿಯ ಬೆಲ್ಲವೇ ನೆನಪಾಗುತ್ತದೆ! ಸದ್ಯಕ್ಕೆ ‘ಕೆರೊಜೆನ್ ಪೊಳ್ಳು’ ಎಂದು ಇಟ್ಟುಕೊಂಡಿದ್ದೇನೆ.

ನಿಜವಾದ ತೊಡಕು ಇನ್ನೊಂದಿದೆ. ಎರಡು ಪೊಳ್ಳುಗಳ ನಡುವಿನ ಇಕ್ಕಟ್ಟಾದ ದಾರಿಗೆ ಇಂಗ್ಲಿಷಿನಲ್ಲಿ ‘ಥ್ರೋಟ್’ ಎನ್ನುತ್ತಾರೆ. ಅನಿಲ ಹೊರಬರುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದರಲ್ಲಿ ಕೋಣೆಗಿಂತ ಈ ಬಾಗಿಲಿನ ಪಾತ್ರವೇ ದೊಡ್ಡದು. ಪಾದರಸವನ್ನು ಒತ್ತಿ ತುಂಬಿಸಿ ಅಳೆಯುವ ವಿಧಾನದಲ್ಲಂತೂ ಸಿಗುವ ಅಳತೆ ಬಾಗಿಲಿನದೇ. ನೂರು ನ್ಯಾನೊಮೀಟರ್ ಅಗಲದ ಕೋಣೆಗೆ ಹತ್ತು ನ್ಯಾನೊಮೀಟರ್ ಬಾಗಿಲಿದ್ದರೆ, ಆ ಇಡೀ ಕೋಣೆ ಹತ್ತರ ಲೆಕ್ಕಕ್ಕೆ ಹೋಗುತ್ತದೆ. ಹಾಗಾಗಿ ಎರಡನ್ನೂ ‘ರಂಧ್ರ’ ಎಂದರೆ ಓದುಗನಿಗೆ ತಪ್ಪು ಲೆಕ್ಕ ಕೊಟ್ಟಂತೆ. ‘ಗಂಟಲು’ ಎಂದರೆ ನುಂಗುವ ಅಂಗವೇ ಎದ್ದು ಕಾಣುತ್ತದೆ. ‘ಕಂಠ’ ನನಗೆ ಹಿಡಿಸಿದೆ: ಕೊಡಕ್ಕೂ ಕಂಠವುಂಟು, ‘ಕಂಠಪೂರ್ತಿ’ ಎಂಬ ಮಾತೂ ಉಂಟು. ‘ಪೊಳ್ಳಿನ ಕಂಠ’ ಎಂದರೆ ಕಿವಿಗೆ ಒರಟಾದೀತೇ?

ಗಾತ್ರದ ಹೆಸರುಗಳದು ಇನ್ನೊಂದು ಪಾಡು. ಅಂತರರಾಷ್ಟ್ರೀಯ ರಸಾಯನವಿಜ್ಞಾನ ಒಕ್ಕೂಟದ ಪ್ರಕಾರ 2 ನ್ಯಾನೊಮೀಟರಿಗಿಂತ ಕಿರಿದು ‘ಮೈಕ್ರೊ’, 2ರಿಂದ 50ರವರೆಗೆ ‘ಮೆಸೊ’, ಅದಕ್ಕಿಂತ ಹಿರಿದು ‘ಮ್ಯಾಕ್ರೊ’. ಸೂಕ್ಷ್ಮ, ಮಧ್ಯಮ, ಸ್ಥೂಲ ಎಂದು ಅನುವಾದಿಸಿದರೆ, ಮಾಮೂಲಿ ಸೂಕ್ಷ್ಮದರ್ಶಕಕ್ಕೂ ನಿಲುಕದ 60 ನ್ಯಾನೊಮೀಟರ್ ಪೊಳ್ಳು ‘ಸ್ಥೂಲ’ವಾಗಿ ಕೂರುತ್ತದೆ. ಇಲ್ಲಿ ಮೂಲದ ಹೆಸರುಗಳನ್ನೇ ಕನ್ನಡ ಲಿಪಿಯಲ್ಲಿ ಉಳಿಸಿದ್ದೇನೆ. ಕಲ್ಲಿನಲ್ಲಿ ಪೊಳ್ಳು ಎಷ್ಟು ಪಾಲು ಎಂಬುದಕ್ಕೆ ‘ಸರಂಧ್ರತೆ’, ಅನಿಲ, ದ್ರವಗಳನ್ನು ಹಾಯಗೊಡುವ ಗುಣಕ್ಕೆ ‘ಪಾರಗಮ್ಯತೆ’. ಇವು ಪಠ್ಯಪುಸ್ತಕದ ರೂಢಿ, ಕದಲಿಸುವ ಆಸೆಯಿಲ್ಲ. ಆದರೆ ‘ಪೊಳ್ಳು’ ಬರೆದ ಮೇಲೆ ‘ಸರಂಧ್ರತೆ’ ಪಕ್ಕದಲ್ಲಿ ಕುಳಿತಾಗ ಒಂದಕ್ಕೊಂದು ನಂಟೇ ಇಲ್ಲದಂತೆ ಕಾಣುತ್ತದೆ. ‘ಪೊಳ್ಳುತನ’ ಎಂದರೆ ಬೈದಂತಾಗುತ್ತದೆ.

ಕುಂಬಾರಿಕೆ ಬಲ್ಲವರು ಯಾರಾದರೂ ಇದ್ದರೆ ಕೇಳಬೇಕಿದೆ: ಕುಡಿಕೆಯ ಹೊಟ್ಟೆಗೂ ಬಾಯಿಗೂ ನಡುವೆ ಕಿರಿದಾಗುವ ಆ ಜಾಗಕ್ಕೆ ನಿಮ್ಮ ಕಡೆ ಏನನ್ನುತ್ತಾರೆ, ಕಂಠವೋ, ಕೊರಳೋ, ಬೇರೆ ಏನಾದರೂ ಇದೆಯೋ?