ಇಬ್ಬರೇ ಖುಷಿಗೆಂದು ಕಟ್ಟುತ್ತಿದ್ದ ಹಾಡು: ಬಿಡುಗಡೆಯ ಮಾತು ಬಂದ ಮೇಲೆ ಉತ್ಸಾಹ ಕುಗ್ಗಿದ್ದೇಕೆ?

ಎರಡನೆಯ ದನಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾವಿಬ್ಬರು ಗೆಳತಿಯರು. ಅವಳು ಗಿಟಾರ್ ನುಡಿಸುತ್ತ ಹಾಡುತ್ತಾಳೆ. ನಾನು ಪುಟ್ಟದೊಂದು ಕೀಬೋರ್ಡ್ ಮುಂದಿಟ್ಟುಕೊಂಡು ಎರಡನೆಯ ದನಿ ಸೇರಿಸುತ್ತೇನೆ. ಮೂರು ವರ್ಷಗಳಿಂದ ವಾರಕ್ಕೊಂದು ಸಂಜೆ ಕುಳಿತು, ನಮ್ಮದೇ ಸಾಲುಗಳಿಗೆ ನಮ್ಮದೇ ಧಾಟಿ ಹಚ್ಚಿ, ಇಂಡೀ ಪಾಪ್ ಎಂದು ಕರೆಯಬಹುದಾದ ಹಾಡುಗಳನ್ನು ಕಟ್ಟುತ್ತ ಬಂದಿದ್ದೇವೆ. ಯಾರಿಗಾದರೂ ಕೇಳಿಸಬೇಕೆಂಬ ಹಂಬಲ ಇರಲಿಲ್ಲ. ಮರೆತುಹೋಗದಿರಲಿ ಎಂದು ಮೇಜಿನ ಮೇಲೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆವು, ಅಷ್ಟೆ.

ಆರು ತಿಂಗಳ ಹಿಂದೆ, ಇವನ್ನು ಸರಿಯಾಗಿ ರೆಕಾರ್ಡ್ ಮಾಡಿ ಹೊರತರೋಣ ಎಂದು ನಿರ್ಧರಿಸಿ ಆಡಿಯೊ ಇಂಟರ್‌ಫೇಸ್ (ಮೈಕಿನ ದನಿಯನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ), ಮೈಕು ಮತ್ತು ಹೆಡ್‌ಫೋನ್ ಕೊಂಡೆವು. ಅಂದಿನಿಂದ ಅವಳು ಕಂಪ್ಯೂಟರಿನ ಮುಂದೆ, ನಾನು ಅವಳ ಬೆನ್ನ ಹಿಂದಿನ ಕುರ್ಚಿಯಲ್ಲಿ. ಒಂದೇ ಹಾಡಿನಲ್ಲಿ ಈಗ 41 ಟ್ರ್ಯಾಕುಗಳಿವೆ, ಅಂದರೆ ಬೇರೆಬೇರೆಯಾಗಿ ರೆಕಾರ್ಡ್ ಮಾಡಿ ಪೇರಿಸಿದ ಪದರಗಳು. ಇನ್ನೂ ವಿಚಿತ್ರವೆಂದರೆ, ಮೊಬೈಲಿನ ಹಳೆಯ ರೆಕಾರ್ಡಿಂಗಿನಲ್ಲಿ ಹಾಲು ಸಕ್ಕರೆಯಂತೆ ಬೆರೆಯುವ ನಮ್ಮ ದನಿಗಳು, ಶ್ರುತಿಯಲ್ಲಿ ಎಳ್ಳಷ್ಟೂ ತಪ್ಪಿಲ್ಲದ ಹೊಸ ರೆಕಾರ್ಡಿಂಗಿನಲ್ಲಿ ಪರಿಚಯವೇ ಇಲ್ಲದವರ ದನಿಗಳಂತೆ ಕೇಳುತ್ತವೆ. ಹೊರತರಬೇಕೆಂಬ ಯೋಚನೆಯೇ ತಪ್ಪಾಯಿತೆ, ಅಥವಾ ನಾವು ಮಾಡುತ್ತಿರುವ ರೀತಿಯಲ್ಲಿ ತಪ್ಪಿದೆಯೆ?

ಹಳೇ ಕ್ಯಾಸೆಟ್ (ಉತ್ತರ):

ದನಿ ಬೆರೆಯದಿರುವುದಕ್ಕೆ ಮನಸ್ಸಿಗಿಂತ ಮೊದಲು ಯಂತ್ರದ ಕಾರಣಗಳನ್ನು ನೋಡಿರಿ, ಏಕೆಂದರೆ ನಿಮ್ಮ ವಿವರಣೆಯಲ್ಲಿ ಎರಡು ನನಗೆ ಸ್ಪಷ್ಟವಾಗಿ ಕಾಣುತ್ತಿವೆ.

ಮೊದಲನೆಯದು ವಿಳಂಬ. ಕಂಪ್ಯೂಟರಿನ ಬಫರ್ (ದನಿಯನ್ನು ತುಸು ಹೊತ್ತು ಕೂಡಿಟ್ಟುಕೊಳ್ಳುವ ಜಾಗ) 1024 ಸ್ಯಾಂಪಲ್ಲಿಗೆ, ಅಂದರೆ ದನಿಯ ಅಷ್ಟು ಸೂಕ್ಷ್ಮ ಅಳತೆಗಳಿಗೆ ಇದ್ದು, ಸ್ಯಾಂಪಲ್ ದರ ಸೆಕೆಂಡಿಗೆ 44,100 ಇದ್ದರೆ, ಒಂದು ಬಫರ್ ತುಂಬಲು ಸುಮಾರು 23 ಮಿಲಿಸೆಕೆಂಡು ಬೇಕು. ದನಿ ಒಳಹೋಗುವಾಗ ಒಮ್ಮೆ, ಹೊರಬರುವಾಗ ಮತ್ತೊಮ್ಮೆ ಎಂದರೆ 46. ಗಾಳಿಯಲ್ಲಿ ಶಬ್ದವು ಒಂದು ಮೀಟರ್ ದೂರವನ್ನು ಸುಮಾರು 3 ಮಿಲಿಸೆಕೆಂಡಿನಲ್ಲಿ ದಾಟುತ್ತದೆಯಾದ್ದರಿಂದ, ಹೆಡ್‌ಫೋನಿನಲ್ಲಿ ನಿಮಗೆ ಕೇಳುತ್ತಿರುವುದು 15 ಮೀಟರಿಗೂ ಆಚೆಯಿಂದ ಬಂದ ದನಿಗೆ ಸಮ. ಹಾಗಿದ್ದಾಗ ಯಾರೂ ಉಸಿರಿಗೆ ಉಸಿರು ಕೂಡಿಸಿ ಹಾಡಲಾರರು. ಹಾಡುವಾಗ ಬಫರನ್ನು 128ಕ್ಕೆ ಇಳಿಸಿರಿ, ಇಲ್ಲವೇ ಇಂಟರ್‌ಫೇಸಿನಲ್ಲಿರುವ ಡೈರೆಕ್ಟ್ ಮಾನಿಟರ್ ಗುಂಡಿಯನ್ನು ಒತ್ತಿರಿ. ಆಗ ನಿಮ್ಮ ದನಿ ಕಂಪ್ಯೂಟರನ್ನು ಸುತ್ತಿ ಬರದೆ ನೇರವಾಗಿ ಕಿವಿಗೆ ಬರುತ್ತದೆ.

ಎರಡನೆಯದು ಶ್ರುತಿ ತಿದ್ದುವ ಪ್ಲಗಿನ್, ಅಂದರೆ ರೆಕಾರ್ಡಿಂಗ್ ತಂತ್ರಾಂಶಕ್ಕೆ ಜೋಡಿಸುವ ಪುಟ್ಟ ತಂತ್ರಾಂಶ. "ಎಳ್ಳಷ್ಟೂ ತಪ್ಪಿಲ್ಲ" ಎಂದು ನೀವು ಬರೆದದ್ದನ್ನು ಓದಿದಾಗಲೇ ಅನುಮಾನ ಬಂದಿತು. ಇಬ್ಬರು ಎದುರುಬದುರು ನಿಂತು, ಒಬ್ಬರು ಷಡ್ಜವನ್ನೂ ಇನ್ನೊಬ್ಬರು ಅದರ ಮೇಲಿನ ಅಂತರ ಗಾಂಧಾರವನ್ನೂ ಹಿಡಿದು ನಿಲ್ಲಿಸಿದರೆ, ಎರಡು ದನಿಗಳೂ ಒಂದನ್ನೊಂದು ಆಲಿಸುತ್ತ ಆವರ್ತನಗಳ 5:4ರ ಅನುಪಾತದ ಕಡೆಗೆ ವಾಲುತ್ತವೆ. ಕೀಬೋರ್ಡಿನ ಪಕ್ಕಪಕ್ಕದ ಎರಡು ಸ್ವರಗಳ ಅಂತರವನ್ನು ನೂರು ಭಾಗ ಮಾಡಿದ ಸೆಂಟ್ ಎಂಬ ಅಳತೆಯ ಲೆಕ್ಕದಲ್ಲಿ ಅದು ಸುಮಾರು 386. ಕೀಬೋರ್ಡಿನ ಗಾಂಧಾರವಾದರೋ 400ರಲ್ಲಿ ಇರುತ್ತದೆ. ಪ್ಲಗಿನ್ ನಿಮ್ಮ ದನಿಯನ್ನು ಒಂಟಿಯಾಗಿ ಹಿಡಿದು ಆ 400ಕ್ಕೆ ಎಳೆದು ಕೂರಿಸುತ್ತದೆ. ವ್ಯತ್ಯಾಸ 14 ಸೆಂಟ್ ಮಾತ್ರ, ಆದರೆ ದೀರ್ಘವಾಗಿ ಎಳೆದ ಸ್ವರದಲ್ಲಿ ಅದೇ ಸಣ್ಣ ಕಂಪನವಾಗಿ ಕಿವಿಗೆ ಸಿಗುತ್ತದೆ. ಪ್ರತಿಯೊಂದು ದನಿಯೂ ಬೇರೆಬೇರೆಯಾಗಿ ಸರಿ, ಒಟ್ಟಿಗೆ ತಪ್ಪು. ಆ ಪ್ಲಗಿನ್ ತೆಗೆದುಹಾಕಿ ಒಮ್ಮೆ ಕೇಳಿರಿ.

ಟ್ರ್ಯಾಕುಗಳ ವಿಷಯದಲ್ಲಿ ನಾನು ಪಕ್ಷಪಾತಿ. 1979ರಲ್ಲಿ ಟ್ಯಾಸ್ಕಮ್ ಕಂಪನಿ ತಂದ ಪೋರ್ಟಾಸ್ಟುಡಿಯೊ ಯಂತ್ರದಲ್ಲಿ ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕೇ ಟ್ರ್ಯಾಕುಗಳಿದ್ದವು, ಮತ್ತು ಮನೆಯಲ್ಲೇ ಹಾಡು ಕಟ್ಟುವ ಒಂದು ಇಡೀ ತಲೆಮಾರು ಅಂಥ ಯಂತ್ರಗಳಲ್ಲೇ ಬೆಳೆಯಿತು. ನಾಲ್ಕೇ ಇದ್ದಾಗ ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು ಎಂಬುದನ್ನು ನುಡಿಸುವ ಮೊದಲೇ ಇಬ್ಬರೂ ಮಾತಾಡಿಕೊಳ್ಳಬೇಕಾಗುತ್ತಿತ್ತು. 41 ಇದ್ದಾಗ ಆ ಮಾತು ಮುಂದೂಡಲ್ಪಟ್ಟು, ಕೊನೆಗೆ ಮೌಸ್ ಹಿಡಿದವರೊಬ್ಬರ ಪಾಲಿಗೆ ಬರುತ್ತದೆ. ನಿಮ್ಮ ಕುರ್ಚಿ ಹಿಂದಕ್ಕೆ ಸರಿದದ್ದು ಹೀಗೆಯೇ ಎಂದು ನನಗೆ ತೋರುತ್ತದೆ.

ಲೆಕ್ಕದ ಪುಸ್ತಕ (ಉತ್ತರ):

ಹೊರತರುವುದು ತಪ್ಪಲ್ಲ, ಆದರೆ ಅದರಿಂದ ಏನು ಬರುತ್ತದೆ ಎಂಬುದನ್ನು ತಿಳಿದು ತನ್ನಿರಿ. ಪಾಂಪ್ಲಮೂಸ್ ಎಂಬ ಹೆಸರಿನ ಅಮೆರಿಕದ ಜೋಡಿ, ಅಂದರೆ ಜ್ಯಾಕ್ ಕಾಂಟೆ ಮತ್ತು ನ್ಯಾಟಲಿ ಡಾನ್, 2014ರಲ್ಲಿ 28 ದಿನಗಳ ಪ್ರವಾಸ ಮಾಡಿ ಲೆಕ್ಕವನ್ನು ಬಹಿರಂಗವಾಗಿ ಪ್ರಕಟಿಸಿದ್ದರು: ಬಂದದ್ದು 1,35,983 ಡಾಲರ್, ಹೋದದ್ದು 1,47,802 ಡಾಲರ್. ಲಕ್ಷಾಂತರ ಕೇಳುಗರಿದ್ದವರ ಕಥೆಯೇ ಹೀಗೆ. ಸ್ಪಾಟಿಫೈ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಬಾರಿಯಾದರೂ ಕೇಳಲ್ಪಡದ ರೆಕಾರ್ಡಿಂಗಿಗೆ ರಾಯಧನವನ್ನೇ ಲೆಕ್ಕ ಹಾಕುವುದಿಲ್ಲ.

ಆದ್ದರಿಂದ ಹಣವನ್ನು ಈ ಮಾತಿನಿಂದ ಹೊರಗಿಡಿ. ಹಾಗೆಂದು ಕಾಗದವನ್ನು ಹೊರಗಿಡಬೇಡಿ. ರಚನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ಎರಡರಲ್ಲೂ ಯಾರಿಗೆಷ್ಟು ಪಾಲು ಎಂದು ಪ್ರತಿ ಹಾಡಿಗೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿರಿ. ಸ್ನೇಹ ಚೆನ್ನಾಗಿರುವಾಗ ಹತ್ತು ನಿಮಿಷದಲ್ಲಿ ಮುಗಿಯುವ ಈ ಕೆಲಸ, ಆಮೇಲೆ ಹತ್ತು ತಿಂಗಳಾದರೂ ಮುಗಿಯುವುದಿಲ್ಲ.

ಮೂಲೆಯ ಶ್ರೋತೃ (ಉತ್ತರ):

ಮೇಲಿನವರ ಮಾತನ್ನು ಒಪ್ಪುತ್ತಲೇ ಒಂದು ಆಕ್ಷೇಪ. ಆ 41 ಟ್ರ್ಯಾಕುಗಳು ನಿಮ್ಮ ಗೆಳತಿಯ ಪಾಲಿನ ಖುಷಿಯೇ ಆಗಿರಬಹುದಲ್ಲವೆ? ದ ಪೋಸ್ಟಲ್ ಸರ್ವಿಸ್ ಎಂಬ ತಂಡದ ಬೆನ್ ಗಿಬ್ಬರ್ಡ್ ಮತ್ತು ಜಿಮ್ಮಿ ಟ್ಯಾಂಬೊರೆಲ್ಲೊ, ಬೇರೆಬೇರೆ ನಗರಗಳಲ್ಲಿದ್ದು ಟೇಪುಗಳನ್ನು ಅಂಚೆಯಲ್ಲಿ ಕಳಿಸಿಕೊಳ್ಳುತ್ತ 2003ರ ತಮ್ಮ ಆಲ್ಬಮ್ಮನ್ನು ಕಟ್ಟಿದರು. ತಂಡಕ್ಕೆ ಹೆಸರು ಬಂದದ್ದೂ ಅದರಿಂದಲೇ. ಒಂದೇ ಕೋಣೆಯಲ್ಲಿ ಕೂರುವುದೊಂದೇ ಜೊತೆಯಾಗಿ ಹಾಡು ಕಟ್ಟುವ ದಾರಿಯಲ್ಲ. ಅವಳಿಗೆ ಯಾವುದು ಇಷ್ಟ ಎಂದು ನೀವು ಕೇಳಿದ್ದೀರಾ? ನಿಮ್ಮ ಪ್ರಶ್ನೆಯಲ್ಲಿ ಅವಳ ಮಾತು ಒಂದೂ ಇಲ್ಲ.

ಎರಡನೆಯ ದನಿ (ಮರುಉತ್ತರ):

ಕೊನೆಯ ಮಾತು ಚುಚ್ಚಿತು, ಕೇಳಿರಲಿಲ್ಲ. ನಿನ್ನೆ ಕೇಳಿದೆ. ನಾನು ಬೇಸರದಿಂದ ಎದ್ದು ಹೋಗುತ್ತೇನೋ ಎಂಬ ಹೆದರಿಕೆಯಲ್ಲಿ ಅವಳು ಬೇಗ ಮುಗಿಸಲು ಪ್ರಯತ್ನಿಸುತ್ತಿದ್ದಳಂತೆ, ಮತ್ತು ನಾನು ಸುಮ್ಮನೆ ಕುಳಿತಿದ್ದನ್ನು ಒಪ್ಪಿಗೆ ಎಂದುಕೊಂಡಿದ್ದಳಂತೆ.

ಬಫರ್ 1024ಕ್ಕೇ ಇತ್ತು. ಶ್ರುತಿ ತಿದ್ದುವ ಪ್ಲಗಿನ್ ಎರಡೂ ದನಿಗಳ ಮೇಲಿತ್ತು. ಎರಡನ್ನೂ ಸರಿಪಡಿಸಿ, ಹೆಡ್‌ಫೋನ್ ತೆಗೆದಿಟ್ಟು, ಎರಡು ಮೈಕುಗಳ ಮುಂದೆ ಎದುರುಬದುರು ನಿಂತು ಒಂದೇ ಸಲಕ್ಕೆ ಹಾಡಿದೆವು. ಗಿಟಾರಿನ ಸದ್ದು ನನ್ನ ಮೈಕಿಗೂ ನುಗ್ಗಿದೆ. ಎರಡನೆಯ ಚರಣದಲ್ಲಿ ಒಂದು ಪದ ತಪ್ಪಿದೆ, ಮತ್ತು ಅವಳ ನಗು ನನ್ನ ಸಾಲಿನೊಳಗೇ ಸೇರಿಕೊಂಡಿರುವುದರಿಂದ ಅದನ್ನು ಕತ್ತರಿಸಲು ಬರುವುದಿಲ್ಲ. ಬಿಡುಗಡೆಯ ದಿನವನ್ನು ಇನ್ನೂ ಗೊತ್ತುಮಾಡಿಲ್ಲ. ಪಾಲಿನ ಹಾಳೆಗೆ ಮಾತ್ರ ಸಹಿಯಾಗಿದೆ, ಅರ್ಧರ್ಧ.